ಕುಗ್ಗದ ಮೊಳ

ಮೂವತ್ತನಾಲ್ಕು ವರ್ಷ ನಾನು ಮಕ್ಕಳ ಎತ್ತರ ಅಳೆದವಳು. ಶಂಕರಪುರದ ಒಂದು ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದೆ. ಪ್ರತಿ ಜೂನ್ ತಿಂಗಳು ಸ್ಟಾಫ್ ರೂಮಿನ ಹೊರಗೋಡೆಗೆ ಒಂದೊಂದೇ ಮಗುವನ್ನು ಒರಗಿಸಿ, ತಲೆಯ ಮೇಲೆ ಮರದ ಅಡಿಪಟ್ಟಿ ಇಟ್ಟು, ಗೋಡೆಯ ಗೆರೆ ಓದಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ಮಕ್ಕಳು ಮಹಾ ಕಳ್ಳರು. ನಾನು ಗೆರೆ ನೋಡಲು ಬಗ್ಗಿದ ಕೂಡಲೇ ಹಿಮ್ಮಡಿ ಎತ್ತಿಬಿಡುತ್ತಿದ್ದರು. "ಹಿಮ್ಮಡಿ ಕೆಳಗೆ!" ಎಂದು ನಾನು ಕೂಗಿದರೆ ಆಚೆ ಬೀದಿಯಲ್ಲಿ ಹೋಗುವವರೂ ಒಮ್ಮೆ ನೆಟ್ಟಗೆ ನಿಲ್ಲುತ್ತಿದ್ದರು. ಎತ್ತರ ಎನ್ನುವುದು ಏರುತ್ತದೆ, ಒಂದು ದಿನ ನಿಲ್ಲುತ್ತದೆ, ಅಲ್ಲಿಗೆ ಮುಗಿಯಿತು ಎಂದೇ ನನ್ನ ತಿಳಿವಳಿಕೆ. ನನ್ನದು ಐದು ಅಡಿ ನಾಲ್ಕು ಇಂಚಿಗೆ ನಿಂತಿತ್ತು. ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತಿದ್ದೆ.

ರಿಟೈರ್ ಆದ ಮೇಲೂ ಅಳೆಯುವ ಚಟ ಹೋಗಲಿಲ್ಲ. ಆ ಚಟವೇ ಹೋದ ವರ್ಷ ಗಾಂಧಿ ಬಜಾರಿನಲ್ಲಿ ನನ್ನ ಬಾಯಿಂದ ಆಡಬಾರದ ಮಾತು ಆಡಿಸಿತು.

ಮೂವತ್ತು ವರ್ಷದಿಂದ ನಾನು ಹೂವು ಕೊಳ್ಳುವುದು ಒಬ್ಬರ ಹತ್ತಿರವೇ. ನನಗಿಂತ ಹತ್ತು ವರ್ಷ ದೊಡ್ಡವರು. ಫುಟ್‌ಪಾತಿನ ಮೇಲೆ ಬುಟ್ಟಿ, ಒಂದು ಗಿಡ್ಡ ಮಣೆ, ಮಣೆಯ ಮೇಲೆ ಅವರು. ಮಾಲೆ ಅಳೆಯುವಾಗ ಮಾತ್ರ ಎದ್ದು ನಿಲ್ಲುತ್ತಿದ್ದರು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಬೆರಳು ಮಡಚಿ ಅಳೆಯುವ ಚಾಲಾಕಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಆದರೆ ಹೂವಿನಮ್ಮನ ಬೆರಳು ನನ್ನ ಅಡಿಪಟ್ಟಿಯಷ್ಟೇ ನೆಟ್ಟಗೆ. ಆಗೆಲ್ಲ ಅವರು ಎದ್ದು ನಿಂತರೆ ನನಗಿಂತ ಒಂದು ಹಿಡಿ ಎತ್ತರ ಕಾಣುತ್ತಿದ್ದರು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಹೂವಿಗೆ ಬೆಂಕಿಯಂಥ ಬೆಲೆ, ಬುಟ್ಟಿಯ ಸುತ್ತ ಜನ. ಅವರು ಎದ್ದು ನಿಂತಾಗ ನೋಡುತ್ತೇನೆ, ಅವರ ತಲೆ ನನ್ನ ಭುಜದ ಹತ್ತಿರ ಇದೆ. ಬೆನ್ನು ಬಾಗಿದೆ, ನಿಜ. ಆದರೂ ಇಷ್ಟೊಂದು ಎಲ್ಲಿ ಹೋಯಿತು? ನನ್ನ ತಲೆಯಲ್ಲಿ ಲೆಕ್ಕ ಓಡಿತು. ಆಳು ಕುಗ್ಗಿದ ಮೇಲೆ ಕೈಯೂ ಕುಗ್ಗಿರಬೇಕು, ಕೈ ಕುಗ್ಗಿದರೆ ಮೊಳ ಕುಗ್ಗಿರಬೇಕು. ಲೆಕ್ಕ ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

"ಏನಮ್ಮಾ, ನೀವು ಇಷ್ಟು ಕುಳ್ಳಗಾಗಿದೀರಲ್ಲ, ನಿಮ್ ಮೊಳಾನೂ ಗಿಡ್ಡ ಆಗಿರ್ಬೇಕಲ್ವಾ?" ಎಂದೆ, ಅದೂ ಡ್ರಿಲ್ ಗಂಟಲಿನಲ್ಲಿ.

ನಾಲ್ಕು ಜನ ನಕ್ಕರು. ಒಬ್ಬ ಹೆಂಗಸು ಆಗಲೇ ಕೊಂಡಿದ್ದ ಮಲ್ಲಿಗೆಯನ್ನು ಕವರಿನಿಂದ ತೆಗೆದು ತನ್ನ ಕೈಗೆ ಹಿಡಿದು ನೋಡತೊಡಗಿದಳು. ಹೂವಿನಮ್ಮ ಅಳೆಯುವುದನ್ನು ನಿಲ್ಲಿಸಿದರು.

"ಟೀಚರಮ್ಮ, ನನ್ ಕೈ ಬಗ್ಗೆ ಇವತ್ತಿನ್ ತಂಕ ಯಾರೂ ಹಿಂಗಂದಿಲ್ಲ" ಎಂದಷ್ಟೇ ಹೇಳಿ, ನನ್ನ ಎರಡು ಮೊಳ ಕಟ್ಟಿಕೊಟ್ಟು, ಮುಂದಿನವರ ಕಡೆ ತಿರುಗಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ನನ್ನ ಲೆಕ್ಕದಲ್ಲಿ ತಪ್ಪೇನು ಎಂಬ ಹಟ ನನಗೆ. ಮುಂದಿನ ಶುಕ್ರವಾರಗಳಲ್ಲಿ ಎದುರು ಸಾಲಿನ ತಳ್ಳುಗಾಡಿಯಲ್ಲಿ ಹೂವು ಕೊಂಡೆ. ಅವರ ಬುಟ್ಟಿಯ ಕಡೆ ನೋಡದೆ ನಡೆಯಲು ಕುತ್ತಿಗೆ ನೋಯುತ್ತಿತ್ತು.

ಕುತ್ತಿಗೆ ಇರಲಿ, ಬೆನ್ನೂ ನೋಯಲು ಶುರುವಾಯಿತು. ಚಾಮರಾಜಪೇಟೆಯಲ್ಲಿ ಮೂಳೆ ಡಾಕ್ಟರ ಹತ್ತಿರ ಹೋದೆ. ನನ್ನ ಮಗಳ ವಯಸ್ಸಿನ ಹುಡುಗಿ.

"ಹೈಟ್ ಎಷ್ಟಮ್ಮ?"

"ಐದು ನಾಲ್ಕು."

ಸುಮ್ಮನೆ ಬರೆದುಕೊಂಡಿದ್ದರೆ ಆಗುತ್ತಿತ್ತು. ಗೋಡೆಗೆ ನಿಲ್ಲಿಸಿದಳು. ತಲೆಯ ಮೇಲೆ ಪಟ್ಟಿ ಬಂದು ಕೂತಾಗ ನಾನೇನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ.

"ಹಿಮ್ಮಡಿ ಕೆಳಗಿಡೀಮ್ಮ" ಎಂದಳು ಆ ಹುಡುಗಿ.

ಐದು ಅಡಿ ಎರಡೂವರೆ ಇಂಚು. ನಿಮ್ಮ ಅಳತೆಗೋಲು ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಅವಳು ನಗಲಿಲ್ಲ. ಎರಡೂ ಕೈ ಅಗಲಕ್ಕೆ ಚಾಚಿಸಿ, ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಟೇಪು ಹಿಡಿದಳು. ಐದು ಅಡಿ ನಾಲ್ಕು ಇಂಚು!

"ಚಾಚಿದ ಕೈಯಗಲ ಹೆಚ್ಚುಕಮ್ಮಿ ಹೈಟಿನಷ್ಟೇ ಇರುತ್ತೆ. ಅಂದ್ರೆ ಪ್ರಾಯದಲ್ಲಿ ನಿಮ್ ಹೈಟ್ ಇಷ್ಟೇ ಇತ್ತು. ಕೈಕಾಲಿನ ಮೂಳೆ ಕುಗ್ಗಲ್ಲಮ್ಮ. ಕುಗ್ಗೋದು ಬೆನ್ನು" ಎಂದಳು. ಬೆನ್ನುಮೂಳೆಯ ಬಿಲ್ಲೆಗಳ ನಡುವೆ ಮೆತ್ತೆಗಳಿವೆಯಂತೆ, ಹಳೆಯ ಹಾಸಿಗೆಯಲ್ಲಿ ಹತ್ತಿ ಕೂತ ಹಾಗೆ ವರ್ಷ ಕಳೆದಂತೆ ಅವು ತೆಳುವಾಗುತ್ತವಂತೆ. ಬಿಲ್ಲೆಗಳೂ ಸವೆದು ಒತ್ತಿಕೊಂಡರೆ ಬೆನ್ನು ಮುಂದಕ್ಕೆ ಬಾಗುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಮೂಳೆ ಬೇಗ ಟೊಳ್ಳಾಗುವುದರಿಂದ ಇದು ಜಾಸ್ತಿ. ಮಾತ್ರೆ ಬರೆದುಕೊಟ್ಟು, ಬಿಸಿಲಿನಲ್ಲಿ ನಡೆಯಲು ಹೇಳಿದಳು.

ಡಾಕ್ಟರು ಹೇಳಿದರೆಂದು ನಂಬುವ ಜಾತಿ ನನ್ನದಲ್ಲ. ಮಾರನೆಯ ದಿನ ಹಾಸಿಗೆಯಿಂದ ಎದ್ದವಳೇ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ, ತಲೆಯ ಮೇಲೆ ಪಂಚಾಂಗ ಇಟ್ಟುಕೊಂಡು, ಪೆನ್ಸಿಲಿನಿಂದ ಗೆರೆ ಎಳೆದೆ. ಸಂಜೆ ಇನ್ನೊಂದು ಗೆರೆ. ಸಂಜೆಯ ಗೆರೆ ಅರ್ಧ ಬೆರಳು ಕೆಳಗಿತ್ತು! ಮರುದಿನವೂ ಹಾಗೇ. ಹಗಲೆಲ್ಲ ನಿಂತು ಕೂತು ಮೆತ್ತೆಗಳು ಒತ್ತಿಕೊಳ್ಳುತ್ತವೆ, ರಾತ್ರಿ ಮಲಗಿದಾಗ ಮತ್ತೆ ಉಬ್ಬುತ್ತವೆ. ಅಂದರೆ ನಾನು ಜೂನ್‌ನಲ್ಲಿ ಬೆಳಿಗ್ಗೆ ಅಳೆದ ಮಕ್ಕಳೆಲ್ಲ ಮಧ್ಯಾಹ್ನ ಅಳೆದವರಿಗಿಂತ ಚೂರು ಲಾಭದಲ್ಲಿದ್ದರು. ಇಷ್ಟು ವರ್ಷ ಇದು ನನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಒಬ್ಬಳೇ ನಕ್ಕೆ.

ಬೀರುವಿನಿಂದ ಹಳೆಯ ಬಟ್ಟೆ ತೆಗೆದು ಹಾಕಿಕೊಂಡು ನೋಡಿದೆ. ಹತ್ತು ವರ್ಷದ ಹಿಂದಿನ ಲಂಗ ಪಾದಕ್ಕೆ ಸರಿಯಾಗಿ ಬಂತು. ರವಿಕೆ ಮಾತ್ರ ಉದ್ದವಾಗಿ ಸೊಂಟದ ಮೇಲೆ ಕೂತಿತು. ಕಾಲು ಹಾಗೇ ಇದೆ, ಗಿಡ್ಡವಾಗಿರುವುದು ನಡುವಿನ ಭಾಗ. ತೋಳು? ಮೊಣಕೈಯ ಹತ್ತಿರ ಇರಬೇಕಾದ ಜರಿ ಅಂಚು ಮೊಣಕೈಯ ಹತ್ತಿರವೇ ಇತ್ತು, ಒಂದು ನೂಲೂ ಆಚೀಚೆ ಇಲ್ಲ. ಕನ್ನಡಿಯ ಮುಂದೆ ಕೈ ಚಾಚಿ ನಿಂತವಳಿಗೆ ಆಗ ಹೊಳೆಯಿತು. ಹೂವಿನಮ್ಮನ ಕೈಯೂ ಹಾಗೇ ಇದೆ.

ಶುಕ್ರವಾರಕ್ಕೆ ಕಾಯಲಿಲ್ಲ. ಸಂಜೆ ಗಾಂಧಿ ಬಜಾರಿಗೆ ಹೋದೆ. ಅವರು ಮೊದಲಿನ ಹಾಗೆ ಎದ್ದು ನಿಲ್ಲದೆ, ಮಣೆಯ ಮೇಲೆ ಕೂತೇ ಯಾರಿಗೋ ಸೇವಂತಿಗೆ ಅಳೆಯುತ್ತಿದ್ದರು. ಮೊಣಕೈಯಿಂದ ನಡುಬೆರಳವರೆಗೆ ಹಿಡಿದರು. ಆಮೇಲೆ ಬೆರಳ ತುದಿ ದಾಟಿಸಿ ನಾಲ್ಕು ಬೆರಳಿನಷ್ಟು ಮಾಲೆಯನ್ನು ಮುಂದೆ ಬಿಟ್ಟು ಕತ್ತರಿಸಿದರು. ಇನ್ನೊಬ್ಬರಿಗೂ ಹಾಗೇ.

"ಯಾಕಮ್ಮಾ, ಅಷ್ಟು ಜಾಸ್ತಿ ಬಿಡ್ತಿದೀರಿ?" ಎಂದೆ.

ತಲೆ ಎತ್ತಿ ನೋಡಿದರು. ಕೋಪವಿರಲಿಲ್ಲ. ಕೋಪವಿದ್ದರೆ ನನಗೆ ಸುಲಭವಾಗುತ್ತಿತ್ತು.

"ನೀವು ಅಂದ್ರಲ್ಲ ಟೀಚರಮ್ಮ. ನೀವು ಅಳ್ಯೋದ್ರಲ್ಲಿ ತಿಳ್ದೋರು. ಮನೇಗ್ ಹೋಗಿ ಕೈ ನೋಡ್ಕಂಡೆ, ನಂಗೊಂದೂ ಗೊತ್ತಾಗ್ಲಿಲ್ಲ. ಅವತ್ತಿಂದ ಎಲ್ರಿಗೂ ಮೊಳಕ್ಕೆ ನಾಲ್ಕು ಬೆಳ್ಳು ಸೇರ್ಸಿ ಕೊಡ್ತಿದೀನಿ. ಮೋಸ ಮಾಡಿದ್ ಕೈ ಅನ್ನಿಸ್ಕಬಾರ್ದಲ್ಲ."

ಒಂದೂವರೆ ತಿಂಗಳು. ಹಬ್ಬದ ಮೇಲೆ ಹಬ್ಬ ಬಂದ ಒಂದೂವರೆ ತಿಂಗಳು. ಅಂದು ನಾಲ್ಕು ಜನರ ಮುಂದೆ ಆಡಿದ್ದನ್ನು ಇಂದು ಮೆಲ್ಲಗೆ ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ. ಡ್ರಿಲ್ ಗಂಟಲಿನಲ್ಲೇ ಹೇಳಿದೆ. "ತಪ್ಪು ನಂದಮ್ಮ. ವಯಸ್ಸಾದ್ರೆ ಕುಗ್ಗೋದು ಬೆನ್ನು, ಕೈ ಅಲ್ಲ. ಡಾಕ್ಟ್ರು ಅಳ್ದು ತೋರ್ಸಿದ್ರು. ನಾನೇ ಒಂದೂವರೆ ಇಂಚು ಕುಳ್ಳಗಾಗಿದೀನಿ, ನನ್ ಕೈ ಹಂಗೇ ಇದೆ. ನಿಮ್ ಮೊಳ ಮೂವತ್ತು ವರ್ಷದ್ ಹಿಂದೆ ಎಷ್ಟಿತ್ತೋ ಇವತ್ತೂ ಅಷ್ಟೇ."

ಸೇವಂತಿಗೆ ಕೊಳ್ಳುತ್ತಿದ್ದವರು ನನ್ನನ್ನೇ ನೋಡಿದರು. ಹೂವಿನಮ್ಮ ಬಲಗೈಯನ್ನು ಮುಂದೆ ಚಾಚಿ, ಮೊಣಕೈಯಿಂದ ಬೆರಳವರೆಗೆ ಎಡಗೈಯಿಂದ ಸವರಿಕೊಂಡರು.

"ಹಂಗಾರೆ ಕೈ ಸರಿಗೈತಾ?"

"ಸರಿಯಾಗಿದೆ."

ಮಣೆ ಬಿಟ್ಟು ಎದ್ದು ನಿಂತರು. ಬಾಗಿದ ಬೆನ್ನಿನಲ್ಲಿ ಎಷ್ಟು ನೆಟ್ಟಗೆ ನಿಲ್ಲಬಹುದೋ ಅಷ್ಟು ನೆಟ್ಟಗೆ. ಮಲ್ಲಿಗೆ ಎತ್ತಿಕೊಂಡು ಒಂದು ಮೊಳ, ಇನ್ನೊಂದು ಮೊಳ ಅಳೆದು, ನಡುಬೆರಳ ತುದಿಗೆ ಸರಿಯಾಗಿ ದಾರ ಕತ್ತರಿಸಿ ನನ್ನ ಕೈಗೆ ಕೊಟ್ಟರು. ಒಂದು ಮೊಗ್ಗೂ ಹೆಚ್ಚಿಗೆ ಇರಲಿಲ್ಲ.