ತಿಕ್ಕಿ ತೊಳೆದ ಹಿಂದಿನ ಗಾಜು

ಹಿಂದಿನ ಗಾಜು ಖಾಲಿ ಇರುವ ಕಾರನ್ನು ನಾನು ನಂಬುವುದಿಲ್ಲ. ನಮ್ಮ ಕಡೆ ಕಾರು ಕೊಂಡವನು ಮೊದಲು ಮಾಡುವ ಕೆಲಸವೇ ಅಲ್ಲಿ ಏನಾದರೂ ಬರೆಸುವುದು. ಮನೆದೇವರ ಹೆಸರು, ಅವ್ವನ ಆಶೀರ್ವಾದ, ಮಕ್ಕಳ ಹೆಸರು, ಏನೂ ಹೊಳೆಯದಿದ್ದರೆ ಊರಿನ ಹೆಸರು. ಏನನ್ನೂ ಬರೆಸದೆ ಆರು ವರ್ಷ ಓಡಿಸಿದೆ ಎಂದು ಯಾರಾದರೂ ಹೇಳಿದರೆ, ಆ ಗಾಡಿ ಯಾವುದೋ ಊರಲ್ಲಿ ಬಾಡಿಗೆಗೆ ದುಡಿದು ಸವೆದು ಬಂದಿದೆ ಎಂದೇ ತಿಳಿಯುತ್ತೇನೆ.

ಬೈಲಹೊಂಗಲದಲ್ಲಿ ನನ್ನದು ಹಳೆಯ ಕಾರುಗಳ ಸಣ್ಣ ಅಂಗಡಿ. ತಗಡಿನ ನೆರಳಿನಲ್ಲಿ ಆರು ಗಾಡಿ ಹಿಡಿಯುತ್ತವೆ. ಒಂದು ತಪ್ಪು ಗಾಡಿ ತಂದು ನಿಲ್ಲಿಸಿಕೊಂಡರೆ ಆ ಜಾಗ ತಿಂಗಳುಗಟ್ಟಲೆ ಸತ್ತಂತೆಯೇ. ಹಾಗಾಗಿ ರಾಮದುರ್ಗದ ಗಾಡಿ ಬಂದರೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡುತ್ತೇನೆ. ಹೊಳೆ ನೀರು ಹೊಕ್ಕಿದ್ದರೆ ಎಷ್ಟೇ ತೊಳೆದಿರಲಿ, ಅಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸವದತ್ತಿ ಕಡೆಯದಾದರೆ ಕಾಲಡಿಯ ಮ್ಯಾಟ್ ಎತ್ತುತ್ತೇನೆ. ಸಂದಿಯಲ್ಲಿ ಗುಡ್ಡದ ದೇವಿಯ ಭಂಡಾರದ ಹಳದಿ ಪುಡಿ ಕಂಡರೆ ಮನೆಮಂದಿ ಕೂತು ಓಡಾಡಿದ ಗಾಡಿ ಎಂದು ತುಸು ಸಮಾಧಾನ. ಕಿತ್ತೂರಿನವರು ಹೆದ್ದಾರಿಗೆ ಹತ್ತಿರ, ಎಲ್ಲಿ ಗುದ್ದಿಸಿಕೊಂಡು ಬಣ್ಣ ಹೊಡೆಸಿರುತ್ತಾರೋ ಹೇಳಲಾಗದು. ಮೀಟರನ್ನಂತೂ ನೋಡುವುದೇ ಇಲ್ಲ. ಅದು ಮಾಲೀಕ ಹೇಳಿಸಿದಷ್ಟೇ ಹೇಳುತ್ತದೆ.

"ನಾ ಕೊಟ್ಟ ಚಾದಾಗೂ ಏನರ ಹಾಕೇನಿ ಅಂತ ನೋಡ್ತೀರಿ ನೀವು" ಎಂದು ನನ್ನ ಹೆಂಡತಿ ಆಗಾಗ ಚೇಷ್ಟೆ ಮಾಡುತ್ತಾಳೆ. ನಾನು ನಗುವುದಿಲ್ಲ.

ಹೋದ ಬೇಸಿಗೆಯಲ್ಲಿ ಕಟಕೋಳದ ಕಡೆಯ ಒಬ್ಬ ನಿವೃತ್ತ ಮಾಸ್ತರರು ಹೆಂಡತಿಯ ಜೊತೆ ಒಂದು ಬಿಳಿ ಕಾರು ತಂದರು. ಮೊಣಕಾಲು ಕೆಟ್ಟು ಕ್ಲಚ್ ತುಳಿಯುವುದು ಕಷ್ಟವಾಗಿತ್ತಂತೆ. ತಮ್ಮ ಬೆಲೆ ಹೇಳಿ, ಅಷ್ಟು ಬಂದರೆ ಕ್ಲಚ್ಚಿಲ್ಲದ ಗಾಡಿ ತೆಗೆದುಕೊಳ್ಳಬಹುದು, ಇಲ್ಲವಾದರೆ ಇನ್ನು ಬಸ್ಸೇ ಗತಿ ಎಂದರು. ಎಂಜಿನ್ ಸಣ್ಣ ದನಿಯಲ್ಲಿ ನೆಟ್ಟಗೆ ಓಡುತ್ತಿತ್ತು. ಕಾಗದಪತ್ರ ಮೊದಲಿನಿಂದಲೂ ಅವರೊಬ್ಬರ ಹೆಸರಿನಲ್ಲೇ ಇತ್ತು. ಇಷ್ಟು ಸರಿಯಾಗಿದೆ ಎಂದಾಗಲೇ ನನಗೆ ಕಸಿವಿಸಿ ಶುರುವಾಯಿತು. ಹಿಂದೆ ಹೋಗಿ ನೋಡಿದೆ. ಗಾಜು ಖಾಲಿ.

ಬಿಸಿಲಿಗೆ ಓರೆಯಾಗಿ ನಿಂತು ನೋಡಿದಾಗ ಊಟದ ತಟ್ಟೆಯಷ್ಟು ಅಗಲದ ದುಂಡನೆಯ ಕಲೆ, ಅದರ ಕೆಳಗೆ ಮೂರು ಅಕ್ಷರಗಳ ಗುರುತು ಕಂಡವು. ಅಂಚಿನಲ್ಲಿ ಉಗುರಿನಿಂದ ಕೆರೆದ ಗೀರು. ಪೆಟ್ರೋಲಿನ ವಾಸನೆ ಇನ್ನೂ ಹೋಗಿರಲಿಲ್ಲ.

"ಏನಿತ್ರಿ ಮಾಸ್ತರ್ರ, ಇಲ್ಲೆ?"

"ಏನೂ ಇದ್ದಿಲ್ರಿ."

"ಏನೂ ಇಲ್ಲದ್ದಕ್ಕ ಪೆಟ್ರೋಲ್ ಹಾಕಿ ಯಾಕ ತಿಕ್ಕೀರಿ?"

ಮಾಸ್ತರರು ನೆಲ ನೋಡಿದರು. ನನಗೆ ಖಾತ್ರಿಯಾಯಿತು, ಸಿಟ್ಟೂ ಬಂತು. "ಬಾಡಿಗಿ ಗಾಡಿ ಇದ್ರ ಬಾಡಿಗಿ ಗಾಡಿ ಅನ್ರಿ. ಸಾಲಿ ಕಲಿಸಿದವರು ಹಿಂಗ ಮಾಡಿದ್ರ ಹ್ಯಾಂಗ್ರಿ?" ನನ್ನ ದನಿ ಏರಿತ್ತು. ಅಷ್ಟು ದೂರದಲ್ಲಿ ಒಂದು ಜೀಪಿನ ಟೈರು ಒತ್ತಿ ನೋಡುತ್ತಿದ್ದ ದೇಗಾಂವದ ಗಿರಾಕಿ ತಿರುಗಿ ನೋಡಿದ.

ಆಗ ಮಾಸ್ತರರ ಹೆಂಡತಿ ಕಾರಿನಿಂದ ಇಳಿದು ಬಂದರು. "ತೋರಸಬ್ಯಾಡ" ಎಂದು ಗಂಡ ಮೆಲ್ಲಗೆ ಹೇಳಿದರೂ ಕೇಳದೆ ಫೋನು ನನ್ನ ಮುಂದೆ ಹಿಡಿದರು. ಕಾರು ಕೊಂಡ ದಿನದ ಫೋಟೋ. ಹಾರ ಹಾಕಿದ ಅದೇ ಕಾರು, ಹಿಂದಿನ ಗಾಜಿನ ಮೇಲೆ ನೀಲಿ ಬಣ್ಣದ ಧರ್ಮಚಕ್ರ, ಅದರ ಕೆಳಗೆ ಅವರ ಮಗಳ ಹೆಸರು. ನಮ್ಮ ಕಡೆ ಆ ಚಕ್ರ ಕಂಡರೆ ಅದು ಬೌದ್ಧರ ಮನೆಯ ಗಾಡಿ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಮೊದಲ ಹೋದ ಅಂಗಡ್ಯಾಗ, ಇದು ಇದ್ರ ಗಿರಾಕಿ ಸನೇಕ ಬರೂದಿಲ್ಲ, ರೇಟು ಬೀಳತೈತಿ ಅಂದ್ರು" ಎಂದರು ಆಕೆ. "ನಿನ್ನಿ ಇವರು ದಿನಾಪೂರ್ತಿ ಕುಂತು ಉಗುರಿಲೆ ಕೆರದ್ರು."

ನನ್ನ ಮುಖ ಹೇಗಾಗಿತ್ತೋ, ಅವರು ತಪ್ಪು ತಿಳಿದು ಫೋನನ್ನು ಗಡಬಡಿಸಿ ಸೆರಗಿನ ಮರೆಗೆ ಸರಿಸಿದರು. "ಈಗ ಏನೂ ಉಳದಿಲ್ರಿ ಅಣ್ಣಾರ. ಹುಡುಗಿ ಹೆಸರೂ ತಗದೇವಿ. ಇನ್ನೊಮ್ಮೆ ತಿಕ್ಕ್ರಿ ಅಂದ್ರ ತಿಕ್ಕತೇವಿ."

ನಾನೂ ಬೌದ್ಧನೇ. ಮನೆಯಲ್ಲಿ ದಿನವೂ ಬುದ್ಧನ ಮುಂದೆ ಮೇಣದಬತ್ತಿ ಹಚ್ಚುತ್ತೇವೆ. ಅಂಗಡಿ ತೆರೆಯುವಾಗ ಒಬ್ಬ ಹಿರಿಯ ದಲ್ಲಾಳಿ, "ಇಲ್ಲೆ ಮಾತ್ರ ಲಕ್ಷ್ಮಿ ಫೋಟೋ ಹಾಕು, ಯಾರೂ ಏನೂ ಕೇಳೂದಿಲ್ಲ" ಎಂದಿದ್ದ. ಹಾಕಿದೆ. ಅಂದಿನಿಂದ ಗಿರಾಕಿಗಳು ಊರು ಕೇಳಿದರೆ ಊರು ಹೇಳುತ್ತೇನೆ, ಮುಂದಿನ ಪ್ರಶ್ನೆ ಬರುವಷ್ಟರಲ್ಲಿ ಚಹಾಕ್ಕೆ ಹೇಳಿಬಿಡುತ್ತೇನೆ. ಇಷ್ಟು ವರ್ಷ ಇದನ್ನು ವ್ಯಾಪಾರದ ಜಾಣತನ ಎಂದುಕೊಂಡಿದ್ದೆ. ಆ ಹೆಣ್ಣುಮಗಳು ನನ್ನೆದುರು ಗೋಗರೆಯುತ್ತಾ ನಿಂತಾಗ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

"ಅಕ್ಕಾರ, ನಾವೂ ನಿಮ್ಮವರ" ಎಂಬ ಮಾತು ಗಂಟಲವರೆಗೆ ಬಂತು. ದೇಗಾಂವದವನು ಜೀಪು ಬಿಟ್ಟು ನಮ್ಮತ್ತಲೇ ಬರುತ್ತಿದ್ದ. ನುಂಗಿಕೊಂಡೆ.

"ನೀವು ಹೇಳಿದ ರೇಟಿಗೇ ತಗೋತೇನ್ರಿ" ಎಂದೆ.

ಈಗ ಅನುಮಾನ ಬಂದದ್ದು ಮಾಸ್ತರರಿಗೆ. "ಅರೆಗಳಿಗಿ ಹಿಂದ ಬೈದ್ರಿ. ಈಗ ಒಂದು ರೂಪಾಯಿ ಜಗ್ಗದ ಹೂಂ ಅಂದ್ರಿ. ಏನೈತ್ರಿ ನಿಮ್ಮ ಮನಸಿನ್ಯಾಗ?" ಎಂದರು. "ಗಾಡಿ ಚೊಲೊ ಐತ್ರಿ" ಎಂದಷ್ಟೇ ಗೊಣಗಿದೆ. ಅವರು ಕಾಗದವನ್ನು ಮೂರು ಸಲ ಓದಿ ಸಹಿ ಮಾಡಿದರು. ಬಸ್‌ಸ್ಟ್ಯಾಂಡಿನವರೆಗೆ ಬಿಡುತ್ತೇನೆ ಎಂದರೂ ಒಪ್ಪಲಿಲ್ಲ. ಹೆಂಡತಿಯ ಭುಜ ಹಿಡಿದು ಕುಂಟುತ್ತಾ ಗೇಟಿನ ಕಡೆ ನಡೆದರು.

ದೇಗಾಂವದವನು ಕಾರನ್ನು ಒಂದು ಸುತ್ತು ಹಾಕಿದ. ಬಾಗಿಲು ತೆರೆದು ಮುಚ್ಚಿದ. "ಬರೋಬ್ಬರಿ ಐತಿ ಗಾಡಿ. ಯಾರ ಪೈಕಿ ಅವ್ರು?" ಎಂದು ಗೇಟಿನತ್ತ ಗದ್ದ ಎತ್ತಿ ಕೇಳಿದ.

"ನಂಗೇನ್ ಗೊತ್ರಿ? ನಾ ಅದನ್ನೆಲ್ಲಾ ಕೇಳೂದಿಲ್ಲ" ಎಂದೆ.

ಆ ಹೆಣ್ಣುಮಗಳಿಗೆ ಮಾತು ಕೇಳಿಸಿತ್ತು. ಗೇಟಿನಲ್ಲಿ ನಿಂತು ತಿರುಗಿದರು. ಎಲ್ಲ ಗೊತ್ತಿದ್ದೂ ನಾನು ತಮ್ಮ ಗುಟ್ಟು ಬಿಟ್ಟುಕೊಡದೆ ಮಾನ ಕಾಪಾಡಿದೆ ಎಂದುಕೊಂಡಿರಬೇಕು, ನನ್ನನ್ನೇ ನೋಡುತ್ತಾ ಎರಡೂ ಕೈ ಜೋಡಿಸಿದರು. ನಾನೂ ಜೋಡಿಸಿದೆ.