ಅಧ್ಯಕ್ಷರ ಹೆಂಡತಿಯ ಸರದಿ

ಮಸೀದಿಯ ಬೆಳಗಿನ ಬಾಂಗಿಗೆ ಮೊದಲೇ ಪ್ರೇಮಾವತಿ ಏಳಬೇಕು. ಟ್ಯಾಂಕಿನ ನೀರು ಮುಗಿಯುವುದರೊಳಗೆ ನಾಲ್ಕು ಬಕೆಟ್ ತುಂಬಿಸಬೇಕು, ಹನ್ನೊಂದು ಜನರಿಗೆ ಚಪಾತಿ ಹಿಟ್ಟು ಕಲಸಬೇಕು, ಹಾಲಿನ ಪುಡಿ ಕದಡಿ ಕುದಿಸಬೇಕು, ಗಂಡಸರ ಬುತ್ತಿ ಕಟ್ಟಬೇಕು. ಅದಕ್ಕೂ ಮುಂಚೆ ಕಮಿಟಿ ಮೀಟಿಂಗಿನ ಎಂಜಲು ಲೋಟಗಳನ್ನು ತೊಳೆಯಬೇಕು. ಕ್ರಾಂತಿಯಾದ ಮೇಲೆ ಲೋಟಗಳು ಹೆಚ್ಚಾಗಿದ್ದವು.

ಕ್ರಾಂತಿ ನಡೆದದ್ದು ಕೊಲ್ಲಿ ದೇಶವೊಂದರ ಅಲ್ ಅಜೀಜಿಯಾ ಬಡಾವಣೆಯ ಹಳೆಯ ವಿಲ್ಲಾವೊಂದರೊಳಗೆ. ನಾಲ್ಕು ಸಂಸಾರ, ಒಂದೇ ಅಡುಗೆಮನೆ. ವಿಲ್ಲಾವನ್ನು ಬಾಡಿಗೆಗೆ ಹಿಡಿದು, ಇವರಿಗೆ ಒಂದೊಂದು ಕೋಣೆ ಕೊಟ್ಟು, ತಾನು ಹೊರಕೋಣೆಯಲ್ಲಿದ್ದ ಸಂಕಪ್ಪಣ್ಣ ಹತ್ತು ವರ್ಷ ದೊರೆಯಂತೆ ಮೆರೆದಿದ್ದ. ಯಾರು ಯಾವಾಗ ಒಲೆ ಹಚ್ಚಬೇಕು, ಯಾವ ಹೆಂಗಸು ಬಚ್ಚಲು ತಿಕ್ಕಬೇಕು, ಎಲ್ಲ ಅವನದೇ ಅಪ್ಪಣೆ. ಹಿಂದಿನ ವರ್ಷ, ತೊಂಬತ್ತೈದರಲ್ಲಿ, ಆ ದೇಶದಲ್ಲೇ ಅಪ್ಪನನ್ನು ಇಳಿಸಿ ಮಗ ಗದ್ದುಗೆ ಏರಿದ್ದ. ಆ ಬಗ್ಗೆ ಬೀದಿಯಲ್ಲಿ ತುಟಿ ಬಿಚ್ಚದ ಗಂಡಸರು ಈ ವರ್ಷ ವಿಲ್ಲಾದ ಕರಾರನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು ಮನೆಯೊಳಗೆ ಸಂಕಪ್ಪಣ್ಣನನ್ನು ಇಳಿಸಿದರು. ಪ್ರೇಮಾವತಿಯ ಗಂಡ ಯಜ್ಞೇಶ್ ಅಧ್ಯಕ್ಷ, ಎದುರು ಕೋಣೆಯ ಅಲೋಶಿಯಸ್ ಕಾರ್ಯದರ್ಶಿ. ಇನ್ನು ಮುಂದೆ ಗಂಡಸರೂ ಸರದಿಯಂತೆ ಅಡುಗೆ ಮಾಡುವರು ಎಂಬುದು ಮೊದಲ ಘೋಷಣೆ. ಪ್ರೇಮಾವತಿ ಕೈ ಎತ್ತಿದ್ದು ಆ ಒಂದು ಮಾತಿಗೆ. ನರ್ಸರಿ ಶಾಲೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಶಾಲೆಯ ವ್ಯಾನು ಬೆಳಿಗ್ಗೆ ಐದೂವರೆಗೇ ಬರುತ್ತದೆ.

ಸಂಕಪ್ಪಣ್ಣ ಸುಮ್ಮನೆ ಹೋಗಲಿಲ್ಲ. ಮೂರು ಸಿಲಿಂಡರುಗಳಲ್ಲಿ ಎರಡನ್ನೂ ದೊಡ್ಡ ಫ್ರಿಜ್ಜನ್ನೂ ಪಿಕಪ್ಪಿಗೆ ಹೇರಿಕೊಂಡು ಹೋದ. ಕಮಿಟಿಯ ಹೊಸ ಸರ್ಕಾರ ಅದೇ ಸಂಜೆ ತುರ್ತು ಪರಿಸ್ಥಿತಿ ಸಾರಿತು. ಎಲ್ಲರ ಅಕ್ಕಿಬೇಳೆ ಒಂದೇ ಕಪಾಟಿಗೆ, ಬೀಗದ ಕೈ ಕಮಿಟಿಗೆ, ಎಲ್ಲರಿಗೂ ಒಂದೇ ಅಡುಗೆ. ಅದನ್ನು ಬೇಯಿಸಿ ಅಧ್ಯಕ್ಷರ ಹೆಂಡತಿ ಮಾದರಿಯಾಗಬೇಕು. ಮೂರನೆಯ ಕೋಣೆಯವರು ಬೇರೆ ಮನೆ ಹುಡುಕುತ್ತಿದ್ದಾರೆಂದು ತಿಳಿದಾಗ ಅವರು ಸಂಕಪ್ಪಣ್ಣನ ಕಡೆಯವರೆಂದು ತೀರ್ಮಾನವಾಯಿತು. ಅವರ ಮೇಲೆ ಕಣ್ಣಿಡಲು ಉಪಕಮಿಟಿ, ಅದಕ್ಕೂ ಚಹಾ. ಗಂಡಸರ ಸರದಿ ಮಾತ್ರ ಪರಿಸ್ಥಿತಿ ಸುಧಾರಿಸುವವರೆಗೆ ಮುಂದಕ್ಕೆ ಹೋಯಿತು.

ಶುಕ್ರವಾರದ ವಾರದ ರಜೆ ಕಳೆದು ಶನಿವಾರ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆಂದು ಶಾಲೆಯವರು ಹೇಳಿದ್ದರು. ಶುಕ್ರವಾರ ಸಂಜೆ ಅವಳು ಮೀಟಿಂಗಿನ ನಡುವೆಯೇ ಹೋಗಿ ನಿಂತಳು.

"ನಾಳೆಯಿಂದ ನಿಮ್ಮ ಸರದಿ ಶುರು ಮಾಡಿ. ನನಗೆ ಕೆಲಸಕ್ಕೆ ಹೋಗ್ಲಿಕ್ಕುಂಟು."

"ಈಗಲಾ?" ಯಜ್ಞೇಶ್ ಹೌಹಾರಿದ. "ಸರ್ಕಾರವೇ ಉಳೀತದಾ ಇಲ್ವಾ ಅಂತ ನಾವು ತಲೆ ಕೆಡಿಸ್ಕೊಂಡಿದ್ದೇವೆ!"

"ಉಳಿದು ಎಂತ ಮಾಡ್ತದೆ ನಿಮ್ಮ ಸರ್ಕಾರ? ಒಂದು ಪಾತ್ರೆ ತೊಳೀತದಾ?"

ಅಲೋಶಿಯಸ್ ನಕ್ಕ. "ಒಂದೇ ತಿಂಗಳು, ಪ್ರೇಮಕ್ಕ. ಆಮೇಲೆ ನಾನೇ ಬಂಗುಡೆ ಹುರಿದು ಬಡಿಸ್ತೇನೆ."

"ಹೋದ ತಿಂಗಳೂ ಅದೇ ಬಂಗುಡೆ ಬಾಯಲ್ಲೇ ಹುರಿದಿದ್ದಿ ಮಾರಾಯ. ಸಂಕಪ್ಪಣ್ಣ ಗದರಿಸಿ ದುಡಿಸ್ತಿದ್ರು, ನೀವು ಭಾಷಣ ಮಾಡಿ ದುಡಿಸ್ತೀರಿ."

"ಶ್! ಮೂರನೇ ಕೋಣೆಗೆ ಕೇಳ್ತದೆ," ಎಂದ ಯಜ್ಞೇಶ್.

ಶನಿವಾರ ಅವಳು ಎಂದಿನ ಹೊತ್ತಿಗೇ ಎದ್ದಳು. ಕಮಿಟಿ ಅಳೆದಿಟ್ಟಿದ್ದ ಹಿಟ್ಟಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ನಾಲ್ಕು ಕೋಣೆಗಳಿಂದಲೂ ಗೊರಕೆ ಕೇಳುತ್ತಿತ್ತು. ಮನೆಯಲ್ಲಿದ್ದ ಮೂರು ಮಕ್ಕಳಿಗಾಗುವಷ್ಟು ಚಪಾತಿ ಬೇಯಿಸಿ ಮುಚ್ಚಿಟ್ಟಳು. ಉಳಿದ ಹಿಟ್ಟನ್ನು ಕಲಸದೆ ಹಾಗೇ ಬಿಟ್ಟು, ಸೀರೆ ಬದಲಿಸಿ, ಯಾರನ್ನೂ ಎಬ್ಬಿಸದೆ ಗೇಟು ತೆಗೆದು ವ್ಯಾನು ಬರುವ ತಿರುವಿಗೆ ನಡೆದಳು.