ಜಾವಳಿಯ ಕಾರಿಗೆ ರೂಫ್ ಬಟ್ಟೆ ಹಾಕಿದ ಮೇಸ್ತ್ರಿ

ಸುಕನ್ಯಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಲ್ದೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಆ ಸಿಟ್ಟು ಯಾಕೆ ಬಂತು ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಅವಳ ಗಂಡ ಕಲ್ಲೇಶನ ಸೀಟ್ ಕುಶನ್ ಅಂಗಡಿಯಿದೆ. ಜೀಪು, ಪಿಕಪ್ಪು, ಆಟೋ, ಯಾವುದರ ಸೀಟು ಹರಿದರೂ ಸುತ್ತಿನ ಎಸ್ಟೇಟಿನವರು ಅಲ್ಲಿಗೇ ತರುತ್ತಾರೆ. ಕಲ್ಲೇಶ್ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಗಿರಾಕಿಗಳ ಜೊತೆ ಮಾತಾಡುತ್ತಾನೆ. ಪರದೆಯ ಹಿಂದೆ ಸುಕನ್ಯಾ ಅಳೆಯುತ್ತಾಳೆ, ಕತ್ತರಿಸುತ್ತಾಳೆ, ಹೊಲಿಯುತ್ತಾಳೆ, ಸೊಲ್ಯೂಷನ್ ಹಚ್ಚಿ ಅಂಟಿಸುತ್ತಾಳೆ. ಬಂದವರು ಮೇಸ್ತ್ರಿಯ ಕೈಗುಣವನ್ನು ಹೊಗಳಿ ಹೋಗುತ್ತಾರೆ. ಮೇಸ್ತ್ರಿ ಅಂದರೆ ಕಲ್ಲೇಶ್.

ಒಂದು ಕಾಲಕ್ಕೆ ಅವನು ನಿಜವಾಗಿಯೂ ಮೇಸ್ತ್ರಿಯೇ ಆಗಿದ್ದ. ಬಣಕಲ್ ಹತ್ತಿರ ಜೀಪು ಮಗುಚಿ ಬಲಭುಜ ಮುರಿದ ಮೇಲೆ ಆ ಕೈ ಎದೆಯ ಮಟ್ಟದಿಂದ ಮೇಲೆ ಏಳಲಿಲ್ಲ. ರವಿಕೆ ಹೊಲಿಯುತ್ತಿದ್ದ ಸುಕನ್ಯಾ ಅವನು ಹೇಳಿಕೊಟ್ಟಷ್ಟನ್ನು ಕಲಿತಳು. ಅವನಿಗೆ ಗೊತ್ತಿಲ್ಲದಷ್ಟನ್ನು ಕೆಡಿಸಿ ಕೆಡಿಸಿ ಕಲಿತಳು. ಹೆಂಗಸು ಮಾಡಿದ ಕೆಲಸ ಅಂದರೆ ಜನ ಬರುವುದಿಲ್ಲ, ಸ್ವಲ್ಪ ದಿನ ಹೀಗೇ ಇರಲಿ ಎಂದ ಕಲ್ಲೇಶ್. ಅಂಗಡಿ ನಿಲ್ಲಬೇಕಲ್ಲ ಎಂದು ಅವಳೂ ಒಪ್ಪಿದಳು. ಆ ಸ್ವಲ್ಪ ದಿನ ಮುಗಿಯುವಷ್ಟರಲ್ಲಿ ಮಗ ಹುಟ್ಟಿ ಹೈಸ್ಕೂಲಿಗೆ ಹೋದ.

ಕಲ್ಲೇಶ್ ಕೆಟ್ಟವನಲ್ಲ, ಅದೇ ದೊಡ್ಡ ಕಷ್ಟ. ಕುಡಿಯುವುದಿಲ್ಲ, ಬೈಯುವುದಿಲ್ಲ, ಅವಳು ಕೂಗಾಡಿದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾನೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಹಾಗೆ ಊರಿನಲ್ಲಿ ಅವನಿಗೆ ಯಾರ ಜೊತೆಗೂ ಜಗಳವಿಲ್ಲ. ಅವನ ಪಾಲಿನ ಜಗಳವನ್ನೂ ಸುಕನ್ಯಾಳೇ ಆಡಬೇಕು.

ಈ ಫೆಬ್ರವರಿಯಲ್ಲಿ ಜಾವಳಿಯ ಎಸ್ಟೇಟಿನ ಜಯದೇವಪ್ಪನವರಿಂದ ಫೋನು ಬಂತು. ಅವರ ತಂದೆಯ ಕಾಲದ ಅಂಬಾಸಿಡರ್ ಕಾರು ಶೆಡ್ಡಿನಲ್ಲಿ ನಿಂತಿತ್ತು. ಮಗಳ ಮದುವೆಗೆ ಹೆಣ್ಣನ್ನು ಅದರಲ್ಲೇ ಕಳಿಸಬೇಕೆಂದು ಅವರಿಗೆ ಆಸೆ. ಎಂಜಿನ್ನು, ಪೇಂಟು ಎಲ್ಲ ಆಗಿತ್ತು. ಉಳಿದದ್ದು ರೂಫಿನ ಒಳಬಟ್ಟೆ. ಹಿಂದೆ ಯಾರೋ ಬಟ್ಟೆಯನ್ನು ತೂಗಿ ಹಿಡಿಯುವ ಕಂಬಿಗಳನ್ನು ಕಿತ್ತೆಸೆದು ತಗಡಿಗೇ ಬಟ್ಟೆ ಅಂಟಿಸಿ ಹೋಗಿದ್ದರಂತೆ. ಮಳೆಗಾಲಕ್ಕೆ ಅದು ಬಿಟ್ಟುಕೊಂಡು, ಹಿಂದೆ ಕೂತವರ ತಲೆಗೆ ಸೆರಗು ಹೊದಿಸಿದ ಹಾಗೆ ಇಳಿಬಿದ್ದಿತ್ತು. ಗಾಜು ಬಿಚ್ಚಿಟ್ಟ ಕಾರನ್ನು ಆಲ್ದೂರಿಗೆ ತರುವ ಹಾಗಿರಲಿಲ್ಲ. ಮೇಸ್ತ್ರಿಯೇ ಜಾವಳಿಗೆ ಬರಬೇಕು ಎಂದರು.

ಪರದೆಯಿಲ್ಲದ ಜಾಗದಲ್ಲಿ ಕೆಲಸ. ಇನ್ನು ಮುಚ್ಚಿಡುವುದು ಹೇಗೆ, ತಾನಾಗಿ ಗೊತ್ತಾಗುತ್ತದೆ ಎಂದು ಸುಕನ್ಯಾಳಿಗೆ ಒಳಗೊಳಗೇ ಖುಷಿಯಾಯಿತು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಮಾಡಿದ ಕೆಲಸ ತನ್ನದು ಎಂದು ಒಮ್ಮೆಯಾದರೂ ನಾಲ್ಕು ಜನರೆದುರು ಗಂಡನ ಬಾಯಲ್ಲಿ ಬರಬೇಕು.

ಗೊತ್ತಾಗಲಿಲ್ಲ. ಜನಕ್ಕೆ ಕಣ್ಣಿದ್ದರೆ ತಾನೆ. ಸುಕನ್ಯಾ ಹೊಸ ಕಂಬಿಗಳನ್ನು ಬಗ್ಗಿಸಿದಳು, ಬಟ್ಟೆಗೆ ಅಡ್ಡಡ್ಡ ತೋಳಿನಂಥ ಪಟ್ಟಿ ಹೊಲಿದು ಒಂದೊಂದರಲ್ಲೂ ಕಂಬಿ ತೂರಿಸಿದಳು. ಕಾಫಿ ಒಣಗುತ್ತಿದ್ದ ಕಣದ ಅಂಚಿನಲ್ಲಿ ಬಟ್ಟೆ ಹರವಿ ಬಿಸಿಲಿಗೆ ಕಾಯಿಸಿದಳು; ಬಿಸಿಯಾದ ಬಟ್ಟೆ ಎಳೆದ ಹಾಗೆ ಬರುತ್ತದೆ, ಆರಿದ ಮೇಲೆ ಬಿಗಿಯುತ್ತದೆ. ಕಾರಿನೊಳಗೆ ಅಂಗಾತ ಮಲಗಿ, ನಡುವಿನಿಂದ ಅಂಚಿಗೆ ಎಳೆದೆಳೆದು ಅಂಟಿಸಿದಳು. ಸೊಲ್ಯೂಷನ್ ವಾಸನೆಗೆ ತಲೆ ಸುತ್ತುತ್ತಿತ್ತು, ಕತ್ತು ಸೆಟೆದುಕೊಂಡಿತ್ತು. ಕಲ್ಲೇಶ್ ಹೊರಗೆ ನಿಂತು ಕತ್ತರಿ ಕೊಡುತ್ತಿದ್ದ, ಕ್ಲಿಪ್ಪು ಕೊಡುತ್ತಿದ್ದ. ಅಷ್ಟಾದರೂ ಜಯದೇವಪ್ಪ ಬಂದಾಗಲೆಲ್ಲ ಕುರ್ಚಿ ತರಿಸುತ್ತಿದ್ದದ್ದು ಕಲ್ಲೇಶನಿಗೆ. ಹೆಂಡತಿಗೂ ಕೆಲಸ ಕಲಿಸಿದ್ದೀರಲ್ಲ ಮಾರಾಯ್ರೆ, ಒಳ್ಳೇದಾಯ್ತು ಎಂದು ಒಮ್ಮೆ ಮೆಚ್ಚಿಕೊಂಡರು. ಕಲ್ಲೇಶ್ ನಕ್ಕ. ಆ ನಗು ಕಂಡು ಕಾರಿನೊಳಗಿದ್ದವಳ ಮೈ ಉರಿದುಹೋಯಿತು.

ಕೊನೆಯ ದಿನ ಶುಕ್ರವಾರ. ಹಿಂದಿನ ಗಾಜಿನ ಪಕ್ಕದ ಒಂದು ಮೂಲೆ ಮಾತ್ರ ಬಾಕಿಯಿತ್ತು. ಮೂಲೆಯೆಂದರೆ ಇಡೀ ರೂಫಿನಲ್ಲಿ ಕಷ್ಟದ ಜಾಗ, ಅಲ್ಲಿ ಬಟ್ಟೆ ಮಡಿಕೆ ಬೀಳದೆ ಕೂರುವುದಿಲ್ಲ. ಅಷ್ಟರಲ್ಲಿ ಜಯದೇವಪ್ಪನವರ ತಾಯಿ ಗಿರಿಜಾಂಬಾ ರಾಹುಕಾಲ ಬಂದುಬಿಡುತ್ತದೆ, ಮೊದಲು ಪೂಜೆಯಾಗಲಿ ಎಂದು ಅವಸರ ಮಾಡಿದರು. ಕಾರಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ತಟ್ಟೆ ತಂದರು. ಮನೆಯವರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಕಣದಲ್ಲಿದ್ದ ಆಳುಗಳು ಎಲ್ಲ ಸೇರಿದ್ದರು. ಮೇಸ್ತ್ರಿಗೆ ಮರ್ಯಾದೆ ಮಾಡದೆ ಕಳಿಸಬಾರದು ಎಂದು ಜಯದೇವಪ್ಪ ಕಲ್ಲೇಶನಿಗೆ ಶಾಲು ಹೊದಿಸಿದರು. ಗಿರಿಜಾಂಬಾ ಸುಕನ್ಯಾಳನ್ನು ಹತ್ತಿರ ಕರೆದು ಕುಂಕುಮ ಕೊಟ್ಟು, ಎಲೆಯಡಿಕೆಯ ಜೊತೆ ಒಂದು ರವಿಕೆ ಕಣ ಕೈಗಿಟ್ಟರು. ಗಂಡನ ಜೊತೆ ಪಾಪ ಕಷ್ಟಪಟ್ಟಿದ್ದಾಳೆ ಎಂದು ಹರಸಿದರು.

ಸುಕನ್ಯಾ ಗಂಡನನ್ನು ನೋಡಿದಳು. ಕಲ್ಲೇಶ್ ಅವಳನ್ನು ನೋಡಿದ, ಆಮೇಲೆ ನೆಲ ನೋಡಿದ. ಶಾಲು ಭುಜದ ಮೇಲೆಯೇ ಇತ್ತು.

ಅವಳು ಕೂಗಾಡಲಿಲ್ಲ. ಕುಂಕುಮ ಹಚ್ಚಿಕೊಂಡು, ರವಿಕೆ ಕಣವನ್ನು ಕಣ್ಣಿಗೊತ್ತಿ ಚೀಲಕ್ಕೆ ಹಾಕಿದಳು. ಅನ್ನವನ್ನೂ ಕುಂಕುಮವನ್ನೂ ಬೇಡ ಅನ್ನಬಾರದು. ಆಮೇಲೆ ನಲ್ಲಿಯ ಹತ್ತಿರ ಹೋಗಿ ಕೈಯ ಸೊಲ್ಯೂಷನ್ ಉಜ್ಜಿ ಉಜ್ಜಿ ತೊಳೆದು, ಶೆಡ್ಡಿನ ಮೆಟ್ಟಿಲ ಮೇಲೆ ಕೂತಳು.

ಇನ್ನೊಂದು ಮೂಲೆ ಉಳಿಯಿತಲ್ಲ ಎಂದು ಜಯದೇವಪ್ಪ ಕೇಳಿದರು.

"ಅದು ಕಷ್ಟದ ಮೂಲೆ ಸಾವ್ಕಾರ್ರೆ. ಮೇಸ್ತ್ರಿನೇ ಮಾಡ್ತಾರೆ" ಅಂದಳು.

ಎಲ್ಲರೂ ಕಲ್ಲೇಶನ ಕಡೆ ತಿರುಗಿದರು. ಅವನು ಶಾಲು ಸಮೇತ ಕಾರಿನ ಹಿಂಬಾಗಿಲಿನಿಂದ ಒಳಗೆ ತೂರಿದ. ಎಡಗೈಯಲ್ಲಿ ಬಟ್ಟೆ ಹಿಡಿದ. ಬಲಗೈ ಎತ್ತಲು ಹೋದ. ಕೈ ಎದೆಯ ಹತ್ತಿರವೇ ನಿಂತಿತು. ಮತ್ತೊಮ್ಮೆ ಎತ್ತಿದ. ಬಟ್ಟೆ ಜಾರಿ ಅವನ ಮುಖದ ಮೇಲೆ ಬಿತ್ತು. ಸುಕನ್ಯಾಳಿಗೆ ಅಯ್ಯೋ ಅನ್ನಿಸಿತು. ಆದರೂ ಅವಳು ಏಳಲಿಲ್ಲ. ಇಷ್ಟು ವರ್ಷ ಅಯ್ಯೋ ಅನ್ನಿಸಿಯೇ ಅವಳು ಏಳುತ್ತಾ ಬಂದದ್ದು.

ಕಲ್ಲೇಶ್ ಹೊರಗೆ ಬಂದ. ಮುಖದಲ್ಲಿ ಬೆವರಿಳಿಯುತ್ತಿತ್ತು. ಶಾಲು ತೆಗೆದು ಸೀಟಿನ ಮೇಲಿಟ್ಟ.

"ನಂಗೆ ಕೈ ಏಳಲ್ಲ ಸಾವ್ಕಾರ್ರೆ. ಮೇಸ್ತ್ರಿ ಅವಳೇ. ಇದೊಂದೇ ಅಲ್ಲ, ನಮ್ಮಂಗ್ಡಿ ಕೆಲಸ ಎಲ್ಲಾ ಅವಳದ್ದೇ."

ಜಯದೇವಪ್ಪ ಕಾರಿನೊಳಗೆ ಬಗ್ಗಿ, ಬೆಳಗ್ಗೆಯಿಂದ ಹತ್ತು ಸಲ ಮೆಚ್ಚಿದ್ದ ರೂಫನ್ನು ಮತ್ತೆ ನೋಡಿದರು. ಬೆರಳಿನಿಂದ ಒತ್ತಿ ನೋಡಿದರು.

"ಹಾಗಾದ್ರೆ ಇದು ಗಟ್ಟಿ ಇರುತ್ತಾ? ಮದುವೆ ದಿನ ಬಿಟ್ಕೊಂಡ್ರೆ ಮರ್ಯಾದೆ ಪ್ರಶ್ನೆ" ಅಂದರು.

ಸುಕನ್ಯಾಳಿಗೆ ಆಶ್ಚರ್ಯವಾಗಲಿಲ್ಲ. ಈ ಮಾತು ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅದೇ ಬಟ್ಟೆ, ಅದೇ ಹೊಲಿಗೆ, ಹೆಸರು ಬದಲಾದ ಕೂಡಲೇ ಟೊಳ್ಳಾಗಿತ್ತು. ಉತ್ತರ ಕೊಡಲು ಎದ್ದಳು. ಅವಳು ಬಾಯಿ ತೆರೆಯುವ ಮೊದಲೇ ಕಲ್ಲೇಶ್ ಮುಂದೆ ಬಂದ. ಅವನ ಕಿವಿ ಕೆಂಪಾಗಿತ್ತು. ಅವನಿಗೆ ಸಿಟ್ಟು ಬಂದದ್ದನ್ನು ಅವಳು ಮದುವೆಯಾದಾಗಿನಿಂದ ಕಂಡಿರಲಿಲ್ಲ.

"ನಾನು ಮಾಡಿದ್ದು ಅಂದ್ಕೊಂಡಾಗ ಗಟ್ಟಿ ಇತ್ತಲ್ಲ, ಈಗೇನಾಯ್ತು? ಸುಕ್ಕು ಎಲ್ಲಿದೆ ತೋರ್ಸಿ. ಇಷ್ಟ ಇಲ್ದಿದ್ರೆ ಹೇಳಿ, ಈಗ್ಲೇ ಕಿತ್ಕೊಂಡು ಹೋಗ್ತೀವಿ. ನಿಮ್ಮ ಮಗಳು ತಗಡಿನ ಕೆಳಗೆ ಕೂತ್ಕೊಂಡು ಹೋಗ್ಲಿ."

ರೈಟರು ಮೆಲ್ಲಗೆ ಕಣದ ಕಡೆ ಜಾರಿಕೊಂಡರು. ಎಸ್ಟೇಟಿನವರ ಎದುರು ಹೀಗೆ ಮಾತಾಡಿದವನಿಗೆ ಮುಂದೆ ಕೆಲಸ ಸಿಗುವುದು ಕಷ್ಟವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಕಲ್ಲೇಶನಿಗೇ ಗೊತ್ತಿತ್ತು. ಗಿರಿಜಾಂಬಾ ಮಗನ ಕಡೆ ತಿರುಗಿ, ಬಾಯಿ ಮುಚ್ಕೊಂಡು ಆಚೆ ಬಾ ಎಂದರು. ಜಯದೇವಪ್ಪ ಕಾರಿನಿಂದ ತಲೆ ಹೊರಗೆ ತೆಗೆದು, ಪಕ್ಕಕ್ಕೆ ಸರಿದು ನಿಂತರು. ತಪ್ಪಾಯಿತೆಂದು ಹೇಳಲಿಲ್ಲ. ಹೇಳುವ ಪೈಕಿಯವರೂ ಅಲ್ಲ.

ಸುಕನ್ಯಾ ಕಾರಿನೊಳಗೆ ಹೋಗಿ ಮಲಗಿದಳು. ಹಚ್ಚಿದ ಸೊಲ್ಯೂಷನ್ ಒಣಗಿಹೋಗಿತ್ತು. ಅದನ್ನು ಕೆರೆದು ಮತ್ತೆ ಹಚ್ಚಿದಳು. ಕಣ್ಣಲ್ಲಿ ನೀರು ಬಂದು ಮೂಲೆ ಮಂಜಾಗಿ ಕಾಣುತ್ತಿತ್ತು, ಅದಕ್ಕೂ ಅವಳಿಗೆ ಸಿಟ್ಟೇ ಬಂತು. ಇಷ್ಟು ಮಾತು ಇವನ ಬಾಯಲ್ಲಿ ಇತ್ತಲ್ಲ, ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದ ಎಂದು ಹಲ್ಲು ಕಚ್ಚಿದಳು. ಕಲ್ಲೇಶ್ ಬಾಗಿಲ ಬಳಿ ಬಂದು ನಿಂತಿದ್ದ.

"ಎಡಗೈಲಿ ಅಂಚು ಹಿಡ್ಕೊಳ್ಳಿ. ನಾನು ಬಿಡಿ ಅನ್ನೋವರೆಗೆ ಬಿಡ್ಬೇಡಿ" ಅಂದಳು.

ಕಲ್ಲೇಶ್ ಸೀಟಿಗೆ ಮೊಣಕಾಲೂರಿ, ಮೇಸ್ತ್ರಿ ಹೇಳಿದ ಜಾಗದಲ್ಲಿ ಹಿಡಿದುಕೊಂಡ.